ಕಾವಲು ಕುಂಡದ ಹತ್ತಿ

ನಿನ್ನ ಗಿಡ ಸತ್ತಿರಲಿಲ್ಲ, ದ್ಯಾವಮ್ಮ. ಉಪ್ಪು ಅದನ್ನು ಕೊಲ್ಲಲಿಲ್ಲ, ನಿನ್ನ ಕೈಯೂ ಕೊಲ್ಲಲಿಲ್ಲ. ಕೊಂಡಾಪುರದ ಆ ತಗಡಿನ ಬೇಲಿಯ ಮುಂದೆ ನಿಂತು ನಾನು ನಿನಗೆ ಹೇಳಿದ್ದು ಸುಳ್ಳು. ಬಾಯಿ ತಪ್ಪಿ ಬಂದದ್ದಲ್ಲ — ಯೋಚಿಸಿ, ತೂಗಿ ನೋಡಿ ಹೇಳಿದ ಸುಳ್ಳು.

ಇಷ್ಟು ಬರೆಯಲು ನನಗೆ ಇಪ್ಪತ್ತು ವರ್ಷದ ಮೇಲೆ ಬೇಕಾಯಿತು. ನಿನಗೆ ಓದಲು ಬರುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬರಿಗೈಯಲ್ಲಿ ಬಂದು ನಿನ್ನೆದುರು ಕೂತರೆ ಮಾತು ತಿರುಗಿಸಿಬಿಡುತ್ತೇನೇನೋ — ನನ್ನ ಬಾಯಿಯ ಮೇಲೆ ನನಗೇ ಭರವಸೆಯಿಲ್ಲ. ಕಾಗದದ ಮೇಲಿದ್ದರೆ ಇದ್ದದ್ದನ್ನು ಇದ್ದ ಹಾಗೆ ಓದಬೇಕಾಗುತ್ತದೆ. ನಿನ್ನನ್ನು ಕಾಣದವರ ಕೈಗೂ ಇದು ಸಿಕ್ಕೀತು ಎಂದು, ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡದೆ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಹೈದರಾಬಾದಿನಲ್ಲಿ ಮಣ್ಣು ಮುಟ್ಟುವವರೆಲ್ಲ ದಡ್ಡರು ಎಂದು ಜನ ನಂಬಿದ್ದ ಕಾಲ ಅದು. ಗದಗಿನಿಂದ ಮದುವೆಯಾಗಿ ಬಂದವಳು ನಾನು. ನನ್ನ ಯಜಮಾನರು ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿದ್ದರು. ಅವರ ಜೊತೆಯವರ ಹೆಂಡತಿ ಮಕ್ಕಳೆಲ್ಲ ಅಮೀರ್‌ಪೇಟೆಯ ಕಂಪ್ಯೂಟರ್ ಕ್ಲಾಸುಗಳಿಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುತ್ತಿದ್ದರು. ಇವರೂ ದಿನಕ್ಕೊಂದು ಕರಪತ್ರ ತಂದು ನನ್ನ ತಾಟಿನ ಪಕ್ಕ ಇಡುತ್ತಿದ್ದರು. "ನಿನ್ನ ಹತ್ತಿ ಗಿಡಕ್ಕ ಮೌಸ್ ಜೋಡಸಾಕ ಬರ್ತೈತೇನು ನೋಡು," ಎಂದು ಕಾಡಿಸುತ್ತಿದ್ದರು. ನಾನು ಕೃಷಿ ಓದಿದವಳು, ಒಂದು ಬೀಜದ ಕಂಪನಿಯಲ್ಲಿ ತಾತ್ಕಾಲಿಕ ಸಹಾಯಕಿ. ನಗುತ್ತಿದ್ದೆ, ಆದರೆ ಆ ಮಾತು ಚುಚ್ಚುತ್ತಿತ್ತು. ಮಣ್ಣಿನ ಕೆಲಸದಲ್ಲೇ ಏನಾದರೊಂದು ಮಾಡಿ ತೋರಿಸಬೇಕೆಂಬ ಹಟ ಆಗಲೇ ನನ್ನಲ್ಲಿ ಬೇರು ಬಿಟ್ಟಿತ್ತು.

ಕೊಂಡಾಪುರದಲ್ಲಿ ಆಗಿನ್ನೂ ಬಂಡೆಗಳು ಉಳಿದಿದ್ದವು. ಆ ಬಂಡೆಗಳ ನಡುವೆ ನಮ್ಮ ಕಂಪನಿಯ ಹಸಿರು ಬಲೆಯ ಚಪ್ಪರ. ಅದರೊಳಗೆ ಸಾಲು ಸಾಲು ಕುಂಡಗಳು. ಹದಿನೆಂಟು ತಳಿಯ ಹತ್ತಿ. ಉಪ್ಪು ನೀರು ಹಾಕಿ ಬೆಳೆಸಿ, ಯಾವ ತಳಿ ತಡೆದುಕೊಳ್ಳುತ್ತದೆ, ಯಾವುದು ಸಾಯುತ್ತದೆ ಎಂದು ನೋಡುವ ಪರೀಕ್ಷೆ. ನಾಲ್ಕು ನೀಲಿ ಡ್ರಮ್ಮುಗಳಲ್ಲಿ ನಾಲ್ಕು ಬಗೆಯ ನೀರು: ಮೊದಲನೆಯದು ಸಿಹಿ, ಆಮೇಲಿನವು ಒಂದಕ್ಕಿಂತ ಒಂದು ಉಪ್ಪು. ತಿಂಗಳು ತಿಂಗಳಿಗೆ ಉಪ್ಪು ಏರಿಸುತ್ತಾ ಹೋಗಬೇಕು. ಒಂದೇ ಸಲಕ್ಕೆ ಸುರಿದರೆ ಗಟ್ಟಿ ಗಿಡವೂ ನೆಲ ಕಚ್ಚುತ್ತದೆ.

ಅಲ್ಲಿಗೆ ನೀನು ದಿನಗೂಲಿಗೆ ಬಂದೆ. ರಾಯಚೂರಿನ ಮಾನ್ವಿ ಕಡೆಯವಳು, ಗಂಡ ಎದುರಿನ ಕಟ್ಟಡದಲ್ಲಿ ಗಾರೆ ಕೆಲಸ, ನೀನು ನಮ್ಮಲ್ಲಿ ನೀರು ಹಾಕುವ ಕೆಲಸ. ಬಂದ ಎರಡನೇ ವಾರ ಡ್ರಮ್ಮಿಗೆ ಬೆರಳದ್ದಿ ನಾಲಿಗೆಯ ತುದಿಗೆ ಮುಟ್ಟಿಸಿ, "ಅಕ್ಕಾರ, ಮೂರನೇದು ಇವತ್ತ ಸಪ್ಪಗೈತ್ರಿ. ಉಪ್ಪು ಕಲಸೂದು ಮರ್ತಾರ ನೋಡ್ರಿ," ಎಂದೆ. ನಾನು ನಕ್ಕು ಉಪ್ಪು ಅಳೆಯುವ ಮೀಟರ್ ತಂದು ಅದ್ದಿದೆ. ಮೀಟರೂ ನಿನ್ನ ಮಾತನ್ನೇ ಹೇಳಿತು. ಉಪ್ಪು ನೀರಿನ ಬಾವಿಯ ಊರಿನವಳು ನೀನು, ನಿನ್ನ ನಾಲಿಗೆಗೆ ಗೊತ್ತಿತ್ತು. ಅಂದಿನಿಂದ ನಾನು ಮೀಟರ್ ಹಿಡಿಯುವ ಮೊದಲು ನಿನ್ನ ಮುಖ ನೋಡುತ್ತಿದ್ದೆ.

ಕಾರಹುಣ್ಣಿಮೆ ಮುಗಿಸಿ ಊರಿನಿಂದ ಬಂದ ದಿನ ನೀನು ಸೆರಗಿನ ಗಂಟು ಬಿಚ್ಚಿದೆ. ಬೂದಿ ಮೆತ್ತಿದ ಹನ್ನೆರಡು ಹತ್ತಿ ಬೀಜ.

"ನಮ್ಮವ್ವನ ಬತ್ತಿ ಗಿಡದ ಬೀಜ್ರಿ. ಸವಳಾಗ ಹುಟ್ಟಿ ಸವಳಾಗ ಕಾಯಿ ಕಟ್ಟತೈತಂತ ಹೇಳ್ತಿದ್ಲು. ನಿಮ್ಮ ಕುಂಡದಾಗ ಹಾಕ್ರಿ, ನೋಡೂನು."

ನಿಮ್ಮ ಹೊಲದ ಒಂದು ಬದಿ ಸವಳು ನೆಲ, ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಉಪ್ಪು ಮೇಲೆದ್ದು ಕಾಣುತ್ತಿತ್ತು ಎಂದೆ ನೀನು. ಬೇರೇನೂ ಬೆಳೆಯದ ಆ ಅಂಚಿನಲ್ಲಿ ನಿನ್ನ ಅವ್ವ ನಾಲ್ಕೈದು ಜವಾರಿ ಹತ್ತಿ ಗಿಡ ಇಟ್ಟುಕೊಂಡಿದ್ದಳು. ಮಾರುವ ಹತ್ತಿಯಲ್ಲ, ಎಳೆ ಗಿಡ್ಡ. ದೇವರ ದೀಪದ ಬತ್ತಿಗೆ ಮಾತ್ರ. ನಿಮ್ಮ ಮನೆಯಲ್ಲಿ ಮಗಳ ಮದುವೆಯಾದರೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅಡಿಕೆಯ ಜೊತೆ ಆ ಗಿಡದ ಒಂದು ಕಾಯನ್ನೂ ಬೀಜ ಸಮೇತ ಮಡಿಲಿಗೆ ಹಾಕುತ್ತಾರೆ, ಮಗಳು ಗಂಡನ ಮನೆಯಲ್ಲಿ ಅದನ್ನು ಊರಬೇಕು. ಹೊರಗಿನವರಿಗೆ ಕೊಡುವ ವಾಡಿಕೆಯಿಲ್ಲ. ನಿನ್ನ ಮಡಿಲಿಗೂ ಹಾಗೇ ಬಂದಿತ್ತು. ಗಂಡನ ಮನೆಯಲ್ಲಿ ಹೊಲವಿಲ್ಲದೆ ಊರಲಾಗಲಿಲ್ಲ. ಆಮೇಲೆ ತವರಿನ ಹೊಲಕ್ಕೆ ಕಾಲುವೆ ನೀರು ಬಂತು, ಭತ್ತ ಹಚ್ಚಿದರು, ವರ್ಷವಿಡೀ ನೀರು ನಿಂತು ಜವಳಾಯಿತು. ಉಪ್ಪಿಗೆ ಬಗ್ಗದ ಗಿಡ ನಿಂತ ನೀರಿಗೆ ಕೊಳೆತುಹೋಯಿತು. ಅವ್ವನೂ ಹೋದಳು. ಅವಳು ಬೂದಿಯಲ್ಲಿಟ್ಟಿದ್ದ ಕೊನೆಯ ಬೀಜಗಳು ಇವು. ನಿನ್ನ ಮಗಳು ಲಕ್ಷ್ಮಿಗೆ ಗಂಡು ನೋಡಿಯಾಗಿತ್ತು, ಅವಳ ಉಡಿಗೆ ಕಾಯಿ ಬೇಕಿತ್ತು. ಆದರೆ ತಗಡಿನ ಶೆಡ್ಡಿನಲ್ಲಿರುವ ನಿನಗೆ ಗಿಡ ಊರಲು ಒಂದು ಗೇಣು ನೆಲವಿರಲಿಲ್ಲ.

ಹನ್ನೆರಡರಲ್ಲಿ ಒಂದನ್ನು ನೀನು ಹಲ್ಲಿಗಿಟ್ಟು ಕಟಕ್ಕನೆ ಕಡಿದೆ. ಒಳಗಿನ ತಿರುಳನ್ನು ನನಗೆ ತೋರಿಸಿ, "ಜೀವ ಐತ್ರಿ," ಎಂದೆ. ಉಳಿದ ಹನ್ನೊಂದನ್ನು ನನ್ನ ಅಂಗೈಗೆ ಹಾಕಿದೆ. ಹೊರಗಿನವಳ ಅಂಗೈಗೆ.

ಪ್ರತಿ ಸಾಲಿನ ಎರಡು ತುದಿಗೂ ಕಾವಲು ಕುಂಡಗಳಿರುತ್ತವೆ. ನಡುವಿನ ಗಿಡಗಳಿಗೆ ಬಿಸಿಲು ಗಾಳಿ ನೇರ ಬಡಿಯದಿರಲಿ ಎಂದು ತುದಿಯಲ್ಲಿ ಯಾವುದೋ ಗಿಡ ಹಾಕಿ ಬಿಡುತ್ತಾರೆ. ಅದನ್ನು ಅಳೆಯುವುದಿಲ್ಲ, ದಫ್ತರದಲ್ಲಿ ಬರೆಯುವುದಿಲ್ಲ, ಯಾರೂ ಅದರ ಕಡೆ ನೋಡುವುದೂ ಇಲ್ಲ. ನಾನು ನಿನ್ನ ಬೀಜಗಳನ್ನು ಕೊನೆಯ ಸಾಲಿನ ಎರಡು ಕಾವಲು ಕುಂಡಗಳಲ್ಲಿ ಊರಿದೆ. ಪರೀಕ್ಷೆಯ ಚಪ್ಪರಕ್ಕೆ ಹೊರಗಿನ ಬೀಜ ತರುವುದು ದೊಡ್ಡ ತಪ್ಪು. ಆ ತಪ್ಪನ್ನು ಮಾತ್ರ ನಾನು ಖುಷಿಯಿಂದ ಮಾಡಿದೆ. ಹಳೆಯ ಬೀಜ, ನಾಲ್ಕೇ ಹುಟ್ಟಿದವು. ಇವಕ್ಕೆ ಸಿಹಿನೀರು ಹಾಕೋಣ, ಕಾಯಿ ಬಂದರೆ ಸಾಕಲ್ಲ ಎಂದೆ ನಾನು. ನೀನು ಒಪ್ಪಲಿಲ್ಲ.

"ಬ್ಯಾಡ್ರಿ ಅಕ್ಕಾರ. ಎಲ್ಲಾದಕ್ಕೂ ಹಾಕೂ ನೀರೇ ಹಾಕೂನು. ಸಿಹಿನೀರು ಕುಡಿಸಿ ಬೆಳಸಿದ್ರ ಅದು ನಮ್ಮವ್ವನ ಗಿಡ ಹೆಂಗ ಆಕೈತಿ?"

ಮೂರನೇ ಡ್ರಮ್ಮಿನ ನೀರಿಗೇ ಕಂಪನಿಯ ಹದಿನೆಂಟು ತಳಿಗಳ ಎಲೆಯಂಚು ಸುಟ್ಟವು. ನಿನ್ನ ನಾಲ್ಕು ಗಿಡಗಳು ಕುಳ್ಳಗೆ, ಮಾಸಲು ಹಸಿರಾಗಿ, ಏನೂ ಆಗದವರ ಹಾಗೆ ನಿಂತು ಹಳದಿ ಹೂ ಬಿಟ್ಟವು. ದಸರಾ ಮುಗಿದ ಮೇಲೆ ಭತ್ತದ ಸುಗ್ಗಿಗೆ ನೀನು ಊರಿಗೆ ಹೊರಟೆ. ನಾಲ್ಕನೇ ಡ್ರಮ್ಮಿನ ನೀರು ಶುರುವಾಗುವುದೂ ಅದೇ ದಿನವಿತ್ತು. ಇವನ್ನು ಬಿಟ್ಟುಬಿಡೋಣ ಎಂದು ನಾನು ಮತ್ತೆ ಹೇಳಿದೆ. "ಬಿಡಬ್ಯಾಡ್ರಿ. ನಮ್ಮವ್ವ ಹೇಳಿದ್ದು ಖರೇ ಏನು ಸುಳ್ಳೇನು ಗೊತ್ತಾಗೇಬಿಡ್ಲಿ," ಎಂದು ನಕ್ಕು ಮೊದಲ ಚೊಂಬು ನೀನೇ ಹಾಕಿದೆ. ಸಂಕ್ರಾಂತಿ ಕಳೆದು ಬರುತ್ತೇನೆ, ಲಕ್ಷ್ಮಿಯ ಮದುವೆ ಅದರ ಮುಂದಿನ ತಿಂಗಳು, ಕಾಯಿ ಜೋಪಾನ ಎಂದೆ.

ನೀನು ಹೋದ ಮೇಲೆ ಕಂಪನಿಯ ಹದಿನೆಂಟೂ ಒಂದೊಂದಾಗಿ ಒಣಗಿದವು. ನಿನ್ನವು ಕಾಯಿ ಕಟ್ಟಿದವು. ಕುಂಡದ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಹರಳುಗಟ್ಟಿತ್ತು, ಅದರ ಮೇಲೆ ಕಾಯಿ ಒಡೆದು ಹತ್ತಿ — ಎರಡೂ ಬಿಳುಪು. ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ನಿನ್ನ ಅವ್ವನಿಗೆ ಕೈ ಮುಗಿದೆ. ಇದು ಸುಳ್ಳಲ್ಲ ದ್ಯಾವಮ್ಮ, ನಿಜವಾಗಿ ಮುಗಿದೆ.

ಆ ವಾರವೇ ಸುದ್ದಿ ಬಂತು. ಚಪ್ಪರದ ಜಾಗ ಒಂದು ಸಾಫ್ಟ್‌ವೇರ್ ಕಟ್ಟಡಕ್ಕೆ ಹೋಗಿದೆ, ತಿಂಗಳೊಳಗೆ ಖಾಲಿ ಮಾಡಬೇಕು, ತಾತ್ಕಾಲಿಕ ನೌಕರರಲ್ಲಿ ಹೆಚ್ಚಿನವರು ಬೇಕಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ದಫ್ತರ ಹಿಡಿದು ಸಾಲು ಸಾಲು ನಡೆದರು. ಎಲ್ಲವೂ ಒಣಕಲು ಕಡ್ಡಿ. ಕೊನೆಯ ಸಾಲಿನ ತುದಿಯಲ್ಲಿ ಗಕ್ಕನೆ ನಿಂತರು.

"ಇದಿ ಎವರಿದಮ್ಮಾ?" — ಇದು ಯಾರದಮ್ಮಾ, ಎಂದು ಕೇಳಿದರು.

ದ್ಯಾವಮ್ಮನದು ಎನ್ನಬೇಕಿತ್ತು. ಒಂದೇ ಪದ. ನಾನೂ ತೆಲುಗಿನಲ್ಲೇ ಹೇಳಿದೆ: ಯಾರದೂ ಅಲ್ಲ ಸಾರ್, ತಾನಾಗಿ ಹುಟ್ಟಿದ್ದು. ಉಪ್ಪಿಗೆ ತಡೆಯುತ್ತಿದೆ ಅನ್ನಿಸಿತು, ಕೀಳದೆ ನಾನೇ ಬಿಟ್ಟು ನೋಡಿದೆ.

ಆ ಉತ್ತರವನ್ನು ಎಷ್ಟು ಸಲ ಬಿಡಿಸಿ ನೋಡಿದ್ದೇನೋ. ಯಾರದೂ ಅಲ್ಲ ಎಂದದ್ದು ಹೆದರಿಕೆಯಿಂದ — ಹೊರಗಿನ ಬೀಜ ತಂದವಳೆಂದು ಅಲ್ಲೇ ಮನೆಗೆ ಕಳಿಸುತ್ತಿದ್ದರು. ನಾನೇ ಬಿಟ್ಟು ನೋಡಿದೆ ಎಂದದ್ದು? ಅದನ್ನು ಹೆದರಿಕೆ ಎಂದು ಕರೆಯಲು ನಾಲಿಗೆ ಏಳುವುದಿಲ್ಲ. ಅದು ಆಸೆ. ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು, ಒಳ್ಳೆಯ ಕಣ್ಣು ನಿನ್ನದು ಎಂದರು. ಆ ಹೊಗಳಿಕೆಯನ್ನು ನಾನು ಬೇಡವೆನ್ನಲಿಲ್ಲ, ನಾಚಿಕೊಂಡವಳ ಹಾಗೆ ತಲೆ ತಗ್ಗಿಸಿ ತೆಗೆದುಕೊಂಡೆ.

ಗಿಡಕ್ಕೆ ನಂಬರು ಬಂತು. ದಫ್ತರದಲ್ಲಿ ಮೂಲ ಎಂಬ ಅಂಕಣದಲ್ಲಿ, ತಾನಾಗಿ ಹುಟ್ಟಿದ್ದು ಎಂದು ನನ್ನ ಕೈಯಾರೆ ಬರೆದೆ. ಕುಂಡಗಳು ಊರಾಚೆಯ ಹೊಸ ಜಾಗದ ಬೀಗ ಹಾಕಿದ ಗಾಜಿನ ಮನೆಗೆ ಹೋದವು. ಕಾಯಿಗಳನ್ನು ಎಣಿಸಿ ಪೊಟ್ಟಣ ಕಟ್ಟಿದರು. ಸಾಗಿಸುವ ದಿನ, ಯಾರೂ ನೋಡದಿರುವಾಗ, ಅಡಿಯ ಟೊಂಗೆಯ ಒಂದು ಕಾಯನ್ನು ಕಿತ್ತು ನನ್ನ ಊಟದ ಡಬ್ಬಿಗೆ ಹಾಕಿಕೊಂಡೆ. ಅದು ನಿನಗೆಂದು. ಅಷ್ಟು ನಾಚಿಕೆ ಇನ್ನೂ ಉಳಿದಿತ್ತು. ಆ ತಿಂಗಳೇ ನನ್ನ ಕೆಲಸ ಕಾಯಂ ಆಯಿತು. ಮನೆಯವರು ಮಿಠಾಯಿ ತಂದರು, ಕರಪತ್ರ ತರುವುದನ್ನು ಬಿಟ್ಟರು.

ಸಂಕ್ರಾಂತಿ ಕಳೆದು ನೀನು ಬಂದಾಗ ಅಲ್ಲಿ ಚಪ್ಪರವಿರಲಿಲ್ಲ. ಸುತ್ತಲೂ ತಗಡಿನ ಬೇಲಿ, ಒಳಗೆ ಬಂಡೆ ಒಡೆಯುವ ಸದ್ದು. ಉಳಿದ ಸಾಮಾನು ತೆಗೆಸಲು ನಾನೂ ಅವತ್ತು ಬಂದಿದ್ದೆ. ಕಾವಲುಗಾರ, ಕೂಲಿಯವರು, ನಿನ್ನ ಊರಿನ ಇಬ್ಬರು ಹೆಂಗಸರು — ಇಷ್ಟು ಜನರ ಮುಂದೆ ನೀನು ಓಡಿಬಂದು ಕೇಳಿದೆ.

"ಅಕ್ಕಾರ, ನಮ್ಮ ಗಿಡ?"

ಹೆಗಲ ಚೀಲದಲ್ಲಿ ಡಬ್ಬಿಯಿತ್ತು, ಡಬ್ಬಿಯಲ್ಲಿ ನಿನಗೆಂದು ತಂದಿದ್ದ ಕಾಯಿ. ಅದನ್ನು ಕೊಟ್ಟರೆ ಗಿಡ ಬದುಕಿದೆಯೆಂದು ನಿನಗೆ ತಿಳಿಯುತ್ತದೆ. ತಿಳಿದರೆ ಎಲ್ಲಿದೆ ಎಂದು ಕೇಳುತ್ತೀ. ನೀನು ಕೇಳಿದರೆ ಕಾವಲುಗಾರನ ಕಿವಿಗೆ, ಅಲ್ಲಿಂದ ಆಫೀಸಿಗೆ — ಇಷ್ಟೆಲ್ಲ ಲೆಕ್ಕ ಹಾಕಿಯೇ ಬಾಯಿ ತೆರೆದೆ.

"ಸತ್ತುಹೋದ್ವು ದ್ಯಾವಮ್ಮ. ನಾಕನೇ ನೀರು ತಡೀಲಿಲ್ಲ. ಹೂವೆಲ್ಲಾ ಉದುರಿದ್ವು, ಒಂದೂ ಕಾಯಿ ಕಟ್ಟಲಿಲ್ಲ."

ನೀನು ನಿನ್ನ ಅಂಗೈ ನೋಡಿಕೊಂಡೆ. "ನಾನೇ ಹಾಕೀನ್ರಿ ಆ ನೀರು," ಎಂದೆ. ಆಮೇಲೆ, ತಲೆ ಎತ್ತದೆ: "ಹಂಗಾರ ನಮ್ಮವ್ವ ಹೇಳಿದ್ದು ಸುಳ್ಳೇನ್ರಿ?"

ಅಲ್ಲಿಗಾದರೂ ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೆ ಒಂದೇ ಪಾಪ. ನಾನು ನಿನ್ನನ್ನು ಸಮಾಧಾನ ಮಾಡುವವಳ ಧಾಟಿಯಲ್ಲಿ, "ಹಳೇ ಮಂದಿ ಹಂಗ ಹೇಳ್ತಿರ್ತಾರ ದ್ಯಾವಮ್ಮ. ಮನಸ್ಸಿಗೆ ಹಚ್ಕೋಬ್ಯಾಡ," ಎಂದೆ.

"ಹೌದ್ರಿ," ಎಂದೆ ನೀನು. "ನಿಮಗ ಸುಮ್ಮನ ತ್ರಾಸ ಕೊಟ್ಟೆ. ನಿಮ್ಮ ಎರಡು ಕುಂಡ ದಂಡ ಆದ್ವು."

ತ್ರಾಸ ಕೊಟ್ಟೆನೆಂದು ನೀನು ನನಗೆ ಹೇಳಿದೆ. ನನಗೆ.

ಮದುವೆ ಮುಗಿಸಿ ನೀನು ನಮ್ಮ ಮನೆ ಹುಡುಕಿಕೊಂಡು ಬಂದೆ, ಮದುವೆಯ ಸಿಹಿ, ಮಾದಲಿಯ ಡಬ್ಬಿ ಹಿಡಿದು. ಬಾಗಿಲಲ್ಲೇ ನಿಲ್ಲಿಸಿ ನನಗೆ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ, ಅಡಿಕೆ, ಕಡೆಗೆ ಎರಡು ಬತ್ತಿ. "ಲಕ್ಷ್ಮಿಗೂ ಇದನ್ನೇ ಹಾಕಿದ್ವಿ. ಅಂಗಡಿ ಹತ್ತೀರಿ, ಏನೂ ಅನಕೋಬ್ಯಾಡ್ರಿ," ಎಂದೆ. ನಾನು ಸೆರಗೊಡ್ಡಿ ನಿಂತಿದ್ದೆ. ಅಲ್ಲಿಂದ ಹತ್ತು ಹೆಜ್ಜೆಯ ದೇವರ ಕೋಣೆಯಲ್ಲಿ, ಕುಂಕುಮದ ಡಬ್ಬಿಯೊಳಗೆ, ನಿನ್ನ ಅವ್ವನ ಕಾಯಿ ಇತ್ತು. ಕೈ ಚಾಚಿ ತಂದುಕೊಡಬಹುದಿತ್ತು. ಮದುವೆ ಮುಗಿದುಹೋಯಿತಲ್ಲ, ಇನ್ನು ಕೊಟ್ಟರೇನು ಬಿಟ್ಟರೇನು ಎಂದು ನನಗೆ ನಾನೇ ಹೇಳಿಕೊಂಡೆ. ಮಾದಲಿಯನ್ನು ನಾನು ತಿನ್ನಲಿಲ್ಲ; ಮನೆಯವರು ತಿಂದು ಚೆನ್ನಾಗಿದೆ ಎಂದರು.

ಮೂರು ವರ್ಷಕ್ಕೆ ಕಂಪನಿ ನಿನ್ನ ಗಿಡವನ್ನು ಕೈಬಿಟ್ಟಿತು. ಎಳೆ ಗಿಡ್ಡ, ಗಿರಣಿಗೆ ಬೇಡ. ಉದ್ದ ಎಳೆಯ ಹತ್ತಿಯ ಜೊತೆ ಕೂಡಿಸಲು ನೋಡಿದರು, ಎರಡರ ಜಾತಿಯೇ ಬೇರೆ, ಕೂಡಲಿಲ್ಲ. ತಣ್ಣನೆಯ ಕೋಣೆಯಲ್ಲಿ ಜಾಗ ಸಾಲದೆಂದು ಬೇಡದ ಪೊಟ್ಟಣಗಳನ್ನೆಲ್ಲ ಸುಡಿಸಿದರು. ಪಟ್ಟಿಗೆ ಸಹಿ ಮಾಡಿದವಳು ನಾನು. ಒಂದು ಪೊಟ್ಟಣ ಕೇಳಿದ್ದರೆ ಕೊಡುತ್ತಿದ್ದರೇನೋ — ಯಾಕೆ ಎಂದು ಕೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು. ಕೇಳಲಿಲ್ಲ.

ಉಳಿದದ್ದು ಕುಂಕುಮದ ಡಬ್ಬಿಯ ಒಂದು ಕಾಯಿ. ಊರಿದ್ದರೆ ನಮ್ಮ ಬಾಲ್ಕನಿಯಲ್ಲೇ ಹುಟ್ಟುತ್ತಿತ್ತು. ಪ್ರತಿ ಮಳೆಗಾಲಕ್ಕೂ ಈ ವರ್ಷ ಊರುತ್ತೇನೆ ಎನ್ನುತ್ತಿದ್ದೆ. ಹುಟ್ಟಿ ನಿಂತರೆ ದಿನಾ ಅದರ ಮುಖ ನೋಡಬೇಕಲ್ಲ ಎಂದು ಮುಂದೂಡುತ್ತಿದ್ದೆ. ಹತ್ತಿ ಬೀಜದ ಜೀವ ಎಷ್ಟು ವರ್ಷದ್ದೆಂದು ಊರಿಗೆಲ್ಲ ಹೇಳಿಕೊಡುವ ಕೆಲಸ ನನ್ನದು, ದ್ಯಾವಮ್ಮ. ಗೊತ್ತಿದ್ದೂ ಸುಮ್ಮನಿದ್ದೆ. ನಿವೃತ್ತಿಯಾದ ಮೇಲೆ ಹೋದ ಆಷಾಢದಲ್ಲಿ ಕಾಯಿ ಬಿಡಿಸಿದೆ. ಉಪ್ಪಿನಲ್ಲಿ ಕಟ್ಟಿದ ಸಣ್ಣ ಕಾಯಿ, ಏಳೇ ಬೀಜ. ನಾಲ್ಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಮೂರನೇ ದಿನ ನೋಡಿದೆ, ಐದನೇ ದಿನ ನೋಡಿದೆ, ಹತ್ತನೇ ದಿನ ಬಟ್ಟೆ ನಾರುತ್ತಿತ್ತು. ಒಂದೂ ಮೊಳೆಯಲಿಲ್ಲ.

ಅಷ್ಟಕ್ಕೇ ನಿನ್ನೆದುರು ಬರುವ ಧೈರ್ಯ ಬಂತು ಎಂದರೆ ಅದೂ ಸುಳ್ಳಾದೀತು. ನಮ್ಮ ಪಕ್ಕದಲ್ಲಿ ಹೊಸ ಅಪಾರ್ಟ್‌ಮೆಂಟ್ ಏಳುತ್ತಿದೆ, ಮಾನ್ವಿ ಕಡೆಯವರು ಕೆಲಸಕ್ಕಿದ್ದಾರೆ. ಅವರಲ್ಲೊಬ್ಬಳನ್ನು ನಿನ್ನ ಬಗ್ಗೆ ಕೇಳಿದೆ. "ದ್ಯಾವಮ್ಮಾಯೀನಾ? ಮಗಳು ಲಕ್ಷ್ಮೀ ಮನ್ಯಾಗ ಅದಾಳ್ರಿ, ಗಟ್ಟಿ ಅದಾಳ," ಎಂದಳು. ನಾನು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ನಗುತ್ತಾ ಮುಂದುವರಿಸಿದಳು: "ಭಾಳ ನಗಸ್ತಾಳ್ರಿ. ಯಾರರ ಬಡಾಯಿ ಹೇಳಿದ್ರ ಸಾಕು, ‘ನಮ್ಮವ್ವನ ಬತ್ತಿ ಗಿಡದಂಗಾತು ಬಿಡು’ ಅಂತಾಳ. ಅವರವ್ವ ಉಪ್ಪಿನಾಗ ಹತ್ತಿ ಬೆಳೀತೈತಿ ಅಂತ ಸುಳ್ಳು ಹೇಳ್ತಿದ್ಲಂತಲ್ರಿ. ನಮ್ಮೂರಾಗ ಅದೊಂದು ಗಾದೀನ ಆಗೇತ್ರಿ."

ಬೀಜ ಕಳೆದೆ, ಉಡಿಯ ವಾಡಿಕೆ ಮುರಿದೆ — ಇಷ್ಟೇ ನನ್ನ ತಪ್ಪು ಎಂದುಕೊಂಡಿದ್ದೆ. ಸತ್ತ ನಿನ್ನ ಅವ್ವನನ್ನು ಇಡೀ ಊರಿನ ಬಾಯಲ್ಲಿ ಸುಳ್ಳಿ ಮಾಡಿದ್ದೆ ನಾನು. ನಿನ್ನ ಬಾಯಿಂದಲೇ ಮಾಡಿಸಿದ್ದೆ. ನೀನು ನಗಿಸುತ್ತೀಯಂತೆ. ನಗುವಾಗ ನಿನ್ನ ಮನಸ್ಸಿಗೆ ಏನಾಗುತ್ತದೆಂದು ಕೇಳುವ ಯೋಗ್ಯತೆ ನನಗಿಲ್ಲ.

ನಾಳೆ ಬೆಳಿಗ್ಗೆ ಕಾಚಿಗೂಡದಿಂದ ರಾಯಚೂರಿನ ಗಾಡಿ ಹಿಡಿಯುತ್ತೇನೆ. ಒಳಗೆ ಕರೆದು ಕೂರಿಸಬೇಡ. ಸುಳ್ಳನ್ನು ನಾಲ್ಕು ಜನರ ಮುಂದೆ ಹೇಳಿದ್ದೆ, ಇದನ್ನೂ ನಿಮ್ಮ ಅಂಗಳದಲ್ಲಿ, ಲಕ್ಷ್ಮಿಯ ಮುಂದೆ, ಆ ಗಾದೆ ಹೇಳಿ ನಗುವವರ ಮುಂದೆ ಓದುತ್ತೇನೆ. ನಿನ್ನ ಅವ್ವ ಹೇಳಿದ್ದು ಖರೆ. ನಾಲ್ಕನೇ ಡ್ರಮ್ಮಿನ ನೀರಿನಲ್ಲಿ ಅವಳ ಗಿಡ ಕಾಯಿ ಕಟ್ಟಿತ್ತು, ನಾನು ಕಣ್ಣಾರೆ ಕಂಡೆ. ಇದಿಷ್ಟನ್ನೂ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಓದುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಿನ್ನ ಗುಣ ನನಗೆ ಗೊತ್ತು.

ಉಳಿದ ಮೂರು ಬೀಜಗಳನ್ನು ಅದೇ ಕುಂಕುಮದ ಡಬ್ಬಿಯಲ್ಲಿ ತರುತ್ತೇನೆ. ಓದಿ ಮುಗಿಸಿ ನಿನ್ನ ಅಂಗೈಗೆ ಹಾಕುತ್ತೇನೆ. ನೀನು ಒಂದನ್ನು ಹಲ್ಲಿಗಿಟ್ಟು ಕಡಿದು ನೋಡುತ್ತೀ. ಮೊಳೆಯದ ನಾಲ್ಕನ್ನು ಕಂಡವಳು ನಾನು, ಈ ಸಲ ಏನು ಹೇಳುತ್ತೀಯೆಂದು ನನಗೆ ಗೊತ್ತು. ಅದನ್ನು ನಿನ್ನ ಬಾಯಿಂದ ಕೇಳಲೆಂದೇ ಬರುತ್ತಿದ್ದೇನೆ.